ಪ್ರೇಕ್ಷಕರೇ ಕಣಕ್ಕಿಳಿದ ದಿನ

ಕ್ರಿ.ಶ. 59ರಲ್ಲಿ ಇಟಲಿಯ ಪಾಂಪೇ ನಗರದಲ್ಲಿ ಗ್ಲಾಡಿಯೇಟರ್‌ಗಳ ಕಾಳಗ ಏರ್ಪಾಡಾಗಿತ್ತು. ಅಂದು ಕಣದಲ್ಲಿ ಗೆದ್ದ ಜಟ್ಟಿ ಯಾರು, ಸೋತವನು ಯಾರು ಎಂಬುದು ಇತಿಹಾಸಕ್ಕೆ ಮುಖ್ಯವೆನಿಸಲಿಲ್ಲ. ಅದು ಬರೆದಿಟ್ಟುಕೊಂಡಿದ್ದು ಆಸನಗಳಲ್ಲಿ ಕುಳಿತಿದ್ದವರ ಕಥೆಯನ್ನು. ಅಕ್ಕಪಕ್ಕದ ಎರಡು ಊರುಗಳ ಜನ ಆಟ ನೋಡಲು ಸೇರಿದ್ದರು. ಮೊದಲು ಒಬ್ಬರನ್ನೊಬ್ಬರು ಮೂದಲಿಸಿದರು. ಬಳಿಕ ಕಲ್ಲು ತೂರಿದರು. ಕೊನೆಗೆ ಕತ್ತಿ ಹಿರಿದರು. ಎಷ್ಟೋ ಮಂದಿ ಸತ್ತರು, ಎಷ್ಟೋ ಮಂದಿ ಕೈಕಾಲು ಕಳೆದುಕೊಂಡರು. ದೂರು ರೋಮ್‌ಗೆ ಹೋಗಿ ಚಕ್ರವರ್ತಿ ನೀರೋನ ಮುಂದೆ ಬಂತು.

ಇದಾದ ಇಪ್ಪತ್ತು ವರ್ಷಕ್ಕೆ, ಕ್ರಿ.ಶ. 79ರಲ್ಲಿ, ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪಾಂಪೇ ನಗರ ಬೂದಿಯಡಿ ಹೂತುಹೋಯಿತು. ಆದರೆ ಆ ಗಲಭೆ ನಡೆದ ಕಟ್ಟಡ ಇಂದಿಗೂ ನಿಂತಿದೆ. ಪಾಳುಬಿದ್ದ ನಗರದ ಆಗ್ನೇಯ ಮೂಲೆಯಲ್ಲಿ, ಊರ ಕೋಟೆಗೆ ಆತುಕೊಂಡಿರುವ ಮೊಟ್ಟೆಯಾಕಾರದ ದೊಡ್ಡ ಬಟ್ಟಲಿನಂಥ ಬಯಲು ರಂಗಮಂದಿರ ಅದು. ಈವರೆಗೆ ತಿಳಿದಿರುವ ರೋಮನ್ ಆಂಫಿಥಿಯೇಟರ್‌ಗಳ ಪೈಕಿ, ಕಲ್ಲಿನಲ್ಲಿ ಕಟ್ಟಿ ಚೆನ್ನಾಗಿ ಉಳಿದುಬಂದಿರುವವುಗಳಲ್ಲಿ ಅದೇ ಅತ್ಯಂತ ಹಳೆಯದು. ಮಾತ್ರವಲ್ಲ, ಅಲ್ಲಿ ಕುಳಿತು ಕೂಗಿದ ಜನರ ಬಗ್ಗೆ ಇಷ್ಟೊಂದು ವಿವರ ಉಳಿಸಿಕೊಟ್ಟಿರುವ ಆಂಫಿಥಿಯೇಟರ್ ಮತ್ತೊಂದು ಸಿಗುವುದು ಕಷ್ಟ.

ಹೆಸರೇ ‘ನೋಟ’

ಆಂಫಿಥಿಯೇಟರ್ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ರೋಮ್‌ನ ಕೊಲೋಸಿಯಂ. ಐವತ್ತು ಸಾವಿರ ಜನ ಕೂರುತ್ತಿದ್ದರೆಂದು ಅಂದಾಜಿಸಲಾಗಿರುವ ಆ ಭಾರೀ ಕಟ್ಟಡ ಉದ್ಘಾಟನೆಯಾದದ್ದು ಕ್ರಿ.ಶ. 80ರಲ್ಲಿ, ಟೈಟಸ್ ಚಕ್ರವರ್ತಿಯ ಕಾಲದಲ್ಲಿ. ಪಾಂಪೇಯ ಕಟ್ಟಡ ಅದಕ್ಕಿಂತ ಸುಮಾರು 150 ವರ್ಷ ಹಿಂದಿನದು. ಕ್ರಿ.ಪೂ. 70ರ ಸುಮಾರಿಗೆ ಅದು ತಲೆಯೆತ್ತಿದಾಗ ರಾಜಧಾನಿಯಾದ ರೋಮ್‌ನಲ್ಲೇ ಇಂಥ ಶಾಶ್ವತ ಕಲ್ಲಿನ ರಂಗಮಂದಿರ ಇರಲಿಲ್ಲ. ಅಲ್ಲಿ ಸಂತೆ-ಸಭೆ ಸೇರುವ ಫೋರಂ ಚೌಕದಲ್ಲೇ ಮರದ ಅಟ್ಟಣೆ ಕಟ್ಟಿ ಕಾಳಗ ನಡೆಸಿ, ಮುಗಿದ ಮೇಲೆ ಬಿಚ್ಚಿಡುತ್ತಿದ್ದರು.

ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿದಿದೆ. ಗಾಯಸ್ ಕ್ವಿಂಕ್ಟಿಯಸ್ ವಾಲ್ಗಸ್ ಮತ್ತು ಮಾರ್ಕಸ್ ಪೋರ್ಸಿಯಸ್ ಎಂಬ ಇಬ್ಬರು ಪುರಾಧಿಕಾರಿಗಳು, ಊರಿನ ಗೌರವಕ್ಕಾಗಿ ಸ್ವಂತ ಹಣದಲ್ಲಿ ಇದನ್ನು ಕಟ್ಟಿಸಿ, ನೆಲೆಗಾರರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟೆವು ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಊರಿನ ಇನ್ನೊಂದು ಕಡೆ ಚಾವಣಿಯಿದ್ದ ಚಿಕ್ಕ ನಾಟಕಶಾಲೆಯನ್ನು ಕಟ್ಟಿಸಿದವರೂ ಇವರೇ.

ಈ ಶಾಸನದಲ್ಲಿ ಎರಡು ಮಾತು ಗಮನಿಸಬೇಕಾದವು. ಮೊದಲನೆಯದು ‘ನೆಲೆಗಾರರು’ ಎಂಬ ಮಾತು. ಪಾಂಪೇ ಮೂಲತಃ ರೋಮನ್ನರ ಊರಲ್ಲ. ಇಟಲಿಯ ಮಿತ್ರನಗರಗಳು ರೋಮ್ ವಿರುದ್ಧ ದಂಗೆಯೆದ್ದಾಗ ಪಾಂಪೇ ಕೂಡ ಅವುಗಳ ಜೊತೆ ಸೇರಿತ್ತು. ಸೇನಾನಿ ಸುಲ್ಲ ಕ್ರಿ.ಪೂ. 89ರಲ್ಲಿ ಊರಿಗೆ ಮುತ್ತಿಗೆ ಹಾಕಿದ. ಕ್ರಿ.ಪೂ. 80ರಲ್ಲಿ ತನ್ನ ನಿವೃತ್ತ ಸೈನಿಕರನ್ನು ತಂದು ಅಲ್ಲಿ ನೆಲೆಯೂರಿಸಲಾಯಿತು. ವಾಲ್ಗಸ್ ಸುಲ್ಲನ ಪಕ್ಷದವನು. ಹೀಗೆ ಗೆದ್ದು ಬಂದವರಿಗಾಗಿ, ಗೆದ್ದವರ ಕಡೆಯವನೊಬ್ಬ ಕಟ್ಟಿಸಿಕೊಟ್ಟ ವಿನೋದದ ಮನೆ ಇದು.

ಎರಡನೆಯದು ಕಟ್ಟಡದ ಹೆಸರು. ಆಂಫಿಥಿಯೇಟರ್ ಎಂಬ ಪದ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಶಾಸನದಲ್ಲಿರುವ ಪದ ‘ಸ್ಪೆಕ್ಟಾಕುಲಾ’. ‘ನೋಟಗಳು’ ಅಥವಾ ‘ನೋಡುವ ಜಾಗ’ ಎಂದು ಅದಕ್ಕೆ ಅರ್ಥ ಹೇಳಬಹುದು. ಕಾದಾಡುವ ಸ್ಥಳ ಎಂದು ಅದನ್ನು ಕರೆಯಲಿಲ್ಲ. ಮುಂದೆ ಬಳಕೆಗೆ ಬಂದ ಆಂಫಿಥಿಯೇಟರ್ ಎಂಬ ಗ್ರೀಕ್ ಮೂಲದ ಪದಕ್ಕೂ ‘ಎರಡೂ ಕಡೆಯಿಂದ ನೋಡುವ ತಾಣ’ ಎಂಬುದೇ ಅರ್ಥ. ಕಟ್ಟಡದ ಕೇಂದ್ರದಲ್ಲಿ ಜಟ್ಟಿಗಳಿದ್ದರೂ ಅದನ್ನು ಕಟ್ಟಿದ್ದು ನೋಡುವವರಿಗಾಗಿ.

ಮಣ್ಣಿನಿಂದ ಎದ್ದ ಮಂದಿರ

ಪಾಂಪೇಯ ಶಿಲ್ಪಿಗಳ ಲೆಕ್ಕಾಚಾರ ಸರಳವಾಗಿತ್ತು. ನಡುವೆ ನೆಲವನ್ನು ಸುಮಾರು ಆರು ಮೀಟರ್ ಆಳಕ್ಕೆ ಅಗೆದರು. ಅಗೆದ ಮಣ್ಣನ್ನೇ ಸುತ್ತಲೂ ಏರಿಯಾಗಿ ಪೇರಿಸಿ ಅದರ ಇಳಿಜಾರಿನಲ್ಲಿ ಆಸನಗಳ ಸಾಲು ಮಾಡಿದರು. ಮಣ್ಣು ಕುಸಿಯದಂತೆ ಹೊರಗಡೆ ಕಮಾನುಗಳಿರುವ ಗಟ್ಟಿ ಗೋಡೆ ಎಬ್ಬಿಸಿದರು. ಪೂರ್ವ ಮತ್ತು ದಕ್ಷಿಣದಲ್ಲಿ ಊರ ಕೋಟೆಯೇ ಆಸರೆಯಾಯಿತು. ಕಟ್ಟಡದ ಒಟ್ಟು ಉದ್ದ ಸುಮಾರು 135 ಮೀಟರ್, ಅಗಲ ಸುಮಾರು 104 ಮೀಟರ್. ನಡುವಿನ ಕಣ ಸುಮಾರು 66 ಮೀಟರ್ ಉದ್ದ, 35 ಮೀಟರ್ ಅಗಲವಿದೆ. ಈ ಕಣಕ್ಕೆ ಮರಳು ಹಾಸುತ್ತಿದ್ದರು. ಮರಳಿಗೆ ಲ್ಯಾಟಿನ್ ಭಾಷೆಯಲ್ಲಿ ‘ಹರೇನ’ ಎನ್ನುತ್ತಾರೆ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಅರೇನಾ’ ಎಂಬ ಪದ ಬಂದದ್ದು ಅದರಿಂದಲೇ. ರಕ್ತ ಹೀರಿಕೊಳ್ಳಲು, ಕಾಲು ಜಾರದಿರಲು ಮರಳು ಬೇಕಾಗಿತ್ತು.

ಕೊಲೋಸಿಯಂನ ಕಣದ ಕೆಳಗೆ ಪ್ರಾಣಿಗಳನ್ನು ಕೂಡಿಹಾಕುವ ಕೋಣೆಗಳು, ಅವನ್ನು ಮೇಲೆತ್ತುವ ಯಂತ್ರಗಳು ಇದ್ದವು. ಪಾಂಪೇಯಲ್ಲಿ ಅಂಥ ನೆಲಮಾಳಿಗೆ ಇಲ್ಲ. ಜಟ್ಟಿಗಳೂ ಪ್ರಾಣಿಗಳೂ ಎರಡು ತುದಿಯ ಇಳಿಜಾರು ಓಣಿಗಳ ಮೂಲಕವೇ ಒಳಗೆ ಬರಬೇಕಿತ್ತು. ಜನರಿಗಾಗಿ ಹೊರಗೋಡೆಗೆ ಅಂಟಿಕೊಂಡಂತೆ ದೊಡ್ಡ ಮೆಟ್ಟಿಲುಗಳನ್ನು ಕಟ್ಟಿದ್ದರು. ಮೇಲಿನ ಸಾಲಿನವರು ಈ ಮೆಟ್ಟಿಲೇರಿ, ಕೆಳಗಿನವರ ಕಣ್ಣಿಗೂ ಬೀಳದೆ ತಮ್ಮ ಜಾಗ ಸೇರಬಹುದಿತ್ತು. ಪಶ್ಚಿಮದ ಜೋಡಿ ಮೆಟ್ಟಿಲುಗಳು ಇಂದಿಗೂ ಈ ಕಟ್ಟಡದ ಗುರುತಿನಂತಿವೆ.

ಇಲ್ಲಿ ಸುಮಾರು 20 ಸಾವಿರ ಜನ ಕೂರಬಹುದಿತ್ತು. ಊರಿನ ಒಟ್ಟು ಜನಸಂಖ್ಯೆ ಹತ್ತು-ಹದಿನೈದು ಸಾವಿರ ಇದ್ದಿರಬೇಕೆಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಅಂದರೆ ಊರಿನ ಮಂದಿಯೆಲ್ಲ, ಹಸುಗೂಸುಗಳ ಸಮೇತ, ಬಂದು ಕುಳಿತರೂ ಮಂದಿರ ತುಂಬುತ್ತಿರಲಿಲ್ಲ. ಕಟ್ಟುವಾಗಲೇ ನೆರೆಯೂರುಗಳ ಜನರನ್ನು ಗಣನೆಗೆ ತೆಗೆದುಕೊಂಡಿದ್ದರೆಂಬುದು ಸ್ಪಷ್ಟ. ಮುಂದೆ ನಡೆದ ಅನಾಹುತದ ಬೀಜ ಒಂದು ರೀತಿಯಲ್ಲಿ ಈ ಲೆಕ್ಕದಲ್ಲೇ ಇತ್ತು.

ಬೆಳದಿಂಗಳಲ್ಲಿ ಬರೆದ ಜಾಹೀರಾತು

ಆಟದ ಸುದ್ದಿ ಹಬ್ಬಿಸಲು ಪಾಂಪೇಯವರು ಬಳಸಿದ್ದು ಬೀದಿಯ ಗೋಡೆಗಳನ್ನು. ಬೂದಿಯಡಿ ಹೂತುಹೋದ ಕಾರಣ ಆ ಗೋಡೆಬರಹಗಳು ಮಾಸದೆ ಉಳಿದವು. ಡೆಸಿಮಸ್ ಲುಕ್ರೇಷಿಯಸ್ ಸಾಟ್ರಿಯಸ್ ವಾಲೆನ್ಸ್ ಎಂಬ ಶ್ರೀಮಂತ ಪುರೋಹಿತ 20 ಜೊತೆ ಗ್ಲಾಡಿಯೇಟರ್‌ಗಳನ್ನು, ಅವನ ಮಗ ಇನ್ನೂ 10 ಜೊತೆಯನ್ನು ಕಣಕ್ಕಿಳಿಸುವುದಾಗಿ ಒಂದು ಬರಹ ಸಾರುತ್ತದೆ. ಏಪ್ರಿಲ್ 8ರಿಂದ 12ರವರೆಗೆ ಆಟ. ಪ್ರಾಣಿಬೇಟೆಯೂ ಉಂಟು, ಬಿಸಿಲಿಗೆ ಮೇಲ್ಕಟ್ಟೂ ಉಂಟು ಎಂಬ ಆಶ್ವಾಸನೆ ಬೇರೆ. ಬರೆದವನು ತನ್ನ ಹೆಸರನ್ನೂ ಸೇರಿಸಿದ್ದಾನೆ: ಇಮಿಲಿಯಸ್ ಸೆಲರ್ ಎಂಬವನು ಬೆಳದಿಂಗಳಲ್ಲಿ ಒಬ್ಬನೇ ಕುಳಿತು ಬರೆದನಂತೆ.

ಟಿಕೆಟ್ ಹಣದಿಂದ ಲಾಭ ಮಾಡುವ ಉದ್ಯಮ ಇದಾಗಿರಲಿಲ್ಲ. ಆಟ ಆಡಿಸುವುದು ಊರಿನ ದೊಡ್ಡವರ ಕರ್ತವ್ಯ, ಜೊತೆಗೆ ಅವರ ಪ್ರತಿಷ್ಠೆಯ ಬಂಡವಾಳ. ಅಧಿಕಾರಕ್ಕೆ ಬಂದವನು ಸ್ವಂತ ಹಣ ಖರ್ಚು ಮಾಡಿ ಜನರನ್ನು ಸಂತೋಷಪಡಿಸಬೇಕು ಎಂಬುದು ರೂಢಿ. ಕೆಲವರು ಆಟಕ್ಕೆ ಬದಲಾಗಿ ಆಂಫಿಥಿಯೇಟರ್‌ನಲ್ಲಿ ಕಲ್ಲಿನ ಆಸನಗಳ ಒಂದೊಂದು ಭಾಗವನ್ನು ಕಟ್ಟಿಸಿಕೊಟ್ಟು ತಮ್ಮ ಹೆಸರು ಕೆತ್ತಿಸಿದ್ದಾರೆ. ಹೊರಗೋಡೆಯ ಕಮಾನುಗಳ ಬಳಿ ವ್ಯಾಪಾರಿಗಳು ಅಂಗಡಿ ಹೂಡುತ್ತಿದ್ದರು. ಅಧಿಕಾರಿಗಳ ಅಪ್ಪಣೆ ಪಡೆದು ಇಂಥವನು ಇಲ್ಲಿ ಕೂರುತ್ತಾನೆ ಎಂದು ಗೋಡೆಯ ಮೇಲೆ ಬರೆದ ಗುರುತುಗಳೂ ಸಿಕ್ಕಿವೆ. ಆಟದ ದಿನವೆಂದರೆ ಊರಿಗೆ ಜಾತ್ರೆಯ ದಿನ.

ಯಾರು ಎಲ್ಲಿ ಕೂರಬೇಕೆಂಬುದಕ್ಕೂ ಕಟ್ಟಳೆ ಇತ್ತು. ಪಾಂಪೇಗೆ ಸಮೀಪದ ಪುಟಿಯೋಲಿ ಎಂಬ ರೇವುಪಟ್ಟಣದಲ್ಲಿ ಕಿಕ್ಕಿರಿದ ಆಟಕ್ಕೆ ಬಂದ ಸೆನೆಟರ್ ಒಬ್ಬನಿಗೆ ಯಾರೂ ಜಾಗ ಬಿಡಲಿಲ್ಲವೆಂದು ಚಕ್ರವರ್ತಿ ಅಗಸ್ಟಸ್ ಈ ಕಾನೂನು ಮಾಡಿದನೆಂದು ಇತಿಹಾಸಕಾರ ಸೂಟೋನಿಯಸ್ ತಿಳಿಸುತ್ತಾನೆ. ಮುಂದಿನ ಸಾಲು ಗಣ್ಯರಿಗೆ. ಸೈನಿಕರಿಗೆ, ವಿವಾಹಿತ ಪುರುಷರಿಗೆ, ಬಾಲಕರಿಗೆ ಬೇರೆ ಬೇರೆ ಜಾಗ. ಹೆಂಗಸರಿಗೆ ತೀರಾ ಮೇಲಿನ ಸಾಲು. ಹೀಗಾಗಿ ಕಣದ ನಡುವೆ ನಿಂತು ಸುತ್ತ ನೋಡಿದರೆ ರೋಮನ್ ಸಮಾಜದ ಮೇಲು-ಕೀಳಿನ ನಕ್ಷೆಯೇ ಕಾಣುತ್ತಿತ್ತು. ಆ ನಕ್ಷೆಯಲ್ಲಿ ಎಲ್ಲರಿಗಿಂತ ಕೆಳಗಿದ್ದವನು ಕಣದಲ್ಲಿ ನಿಂತ ಗ್ಲಾಡಿಯೇಟರ್.

ಬದುಕಿದರೆ 20, ಸತ್ತರೆ 1000

ಗ್ಲಾಡಿಯೇಟರ್‌ಗಳಲ್ಲಿ ಹೆಚ್ಚಿನವರು ಗುಲಾಮರು, ಯುದ್ಧಕೈದಿಗಳು, ಶಿಕ್ಷೆಗೊಳಗಾದವರು. ಸ್ವಇಚ್ಛೆಯಿಂದ ಬಂದು ಸೇರಿದ ಸ್ವತಂತ್ರ ಪ್ರಜೆಗಳೂ ಇದ್ದರು. ಗರಡಿಯ ಒಡೆಯ ಇವರನ್ನು ಸಾಕಿ, ತಾಲೀಮು ಕೊಡಿಸಿ, ಆಟ ಆಡಿಸುವವರಿಗೆ ಬಾಡಿಗೆಗೆ ಕಳುಹಿಸುತ್ತಿದ್ದ. ಕ್ರಿ.ಶ. ಎರಡನೆಯ ಶತಮಾನದ ಕಾನೂನು ಪಂಡಿತ ಗಾಯಸ್ ಈ ವ್ಯವಹಾರವನ್ನು ಒಂದು ಉದಾಹರಣೆಯಾಗಿ ಚರ್ಚಿಸುತ್ತಾನೆ. ಜಟ್ಟಿ ಗಾಯವಿಲ್ಲದೆ ಮರಳಿ ಬಂದರೆ ತಲೆಗೆ 20 ದಿನಾರಿ, ಸತ್ತರೆ ಅಥವಾ ಊನನಾದರೆ 1000 ದಿನಾರಿ ಎಂದು ಒಪ್ಪಂದವಾದರೆ ಅದು ಬಾಡಿಗೆಯೋ ಮಾರಾಟವೋ ಎಂಬುದು ಅವನ ಪ್ರಶ್ನೆ. ಮರಳಿ ಬಂದವನ ಮಟ್ಟಿಗೆ ಬಾಡಿಗೆ, ಬಾರದವನ ಮಟ್ಟಿಗೆ ಮಾರಾಟ ಎಂಬುದು ಪ್ರಚಲಿತ ಅಭಿಪ್ರಾಯವಾಗಿತ್ತು. ಮನುಷ್ಯನನ್ನು ಸರಕಿನಂತೆ ಎಣಿಸುವ ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಸಾವು ದುಬಾರಿಯಾಗಿತ್ತು. ಆದ್ದರಿಂದ ಸಿನಿಮಾಗಳಲ್ಲಿ ತೋರಿಸುವಂತೆ ಪ್ರತಿ ಕಾಳಗವೂ ಸಾವಿನಲ್ಲಿ ಮುಗಿಯುತ್ತಿರಲಿಲ್ಲ.

ಪಾಂಪೇಯ ನುಕೇರಿಯಾ ದ್ವಾರದ ಹೊರಗಿನ ಗೋರಿಯೊಂದರ ಮೇಲೆ ಯಾರೋ ಅಭಿಮಾನಿ ಗೀಚಿದ ಚಿತ್ರಗಳು ಇದಕ್ಕೆ ಸಾಕ್ಷಿ. ಮಾರ್ಕಸ್ ಅಟಿಲಿಯಸ್ ಎಂಬ ಹೊಸಬ ತನ್ನ ಮೊದಲ ಕಾಳಗದಲ್ಲೇ, 14 ಕಾಳಗಗಳನ್ನು ಕಂಡಿದ್ದ ಹಿಲಾರಸ್‌ನನ್ನು ಸೋಲಿಸಿದ. ಹಿಲಾರಸ್‌ಗೆ ಪ್ರಾಣಭಿಕ್ಷೆ ಸಿಕ್ಕಿತು. ಮುಂದಿನ ಸಲ ಅಟಿಲಿಯಸ್, 12ಕ್ಕೆ 12 ಗೆದ್ದಿದ್ದ ಫೆಲಿಕ್ಸ್‌ನನ್ನೂ ಮಣಿಸಿದ. ಅವನನ್ನೂ ಉಳಿಸಲಾಯಿತು. ಸೋತವನ ಜೀವ ಉಳಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ಹಕ್ಕು ಆಟ ಆಡಿಸಿದವನದು. ಆದರೆ ಜನರನ್ನು ಮೆಚ್ಚಿಸಲೆಂದೇ ಹಣ ಸುರಿದವನು ಜನರ ಕೂಗಿಗೆ ಕಿವಿಗೊಡದೆ ಇರುತ್ತಿದ್ದನೇ? ಒಬ್ಬ ಮನುಷ್ಯನ ಸಾವು-ಬದುಕಿನ ಬಗ್ಗೆ ಅಭಿಪ್ರಾಯ ಕೂಗಿ ಹೇಳುವ ಅಧಿಕಾರ ಹೀಗೆ ಪ್ರೇಕ್ಷಕರಿಗೆ ದಕ್ಕಿತ್ತು. ರೊಟ್ಟಿ ಮಾರುವವನಿಗೂ ಬಟ್ಟೆ ಒಗೆಯುವವನಿಗೂ ಬೇರೆಲ್ಲೂ ಸಿಗದ ಅಧಿಕಾರ ಅದು. ಹೆಬ್ಬೆರಳು ಕೆಳಗೆ ಮಾಡಿದರೆ ಸಾವು ಎಂಬ ಇಂದಿನ ನಂಬಿಕೆ ಮನೆಮಾತಾದದ್ದು ಮಾತ್ರ ಫ್ರೆಂಚ್ ಚಿತ್ರಕಾರ ಜೆರೋಮ್ 1872ರಲ್ಲಿ ಬರೆದ ಒಂದು ವರ್ಣಚಿತ್ರದಿಂದ.

ಜಟ್ಟಿಗಳಿಗೆ ಅಭಿಮಾನಿಗಳಿಗೇನೂ ಕೊರತೆಯಿರಲಿಲ್ಲ. ಸೆಲಾಡಸ್ ಎಂಬ ಗ್ಲಾಡಿಯೇಟರ್ ಹುಡುಗಿಯರು ನಿಟ್ಟುಸಿರುಬಿಡುವಂಥ ಚೆಲುವ ಎಂಬ ಗೋಡೆಬರಹ ಗ್ಲಾಡಿಯೇಟರ್‌ಗಳ ಬಿಡಾರವೊಂದರಲ್ಲೇ ಸಿಕ್ಕಿದೆ. ಹಾಗಾಗಿ ಅದನ್ನು ಗೀಚಿದವನು ಅವನೇ ಇರಬೇಕೆಂದು ನಗುವವರೂ ಇದ್ದಾರೆ.

ಮೂದಲಿಕೆ, ಕಲ್ಲು, ಕತ್ತಿ

ಪಾಂಪೇಗೆ ಪೂರ್ವದಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿ ನುಕೇರಿಯಾ ಎಂಬ ಊರಿತ್ತು. ಇಂದಿನ ನೋಚೆರಾ ಅದೇ. ಎರಡೂ ಊರುಗಳ ನಡುವೆ ಹಳೆಯ ಪೈಪೋಟಿ. ಕ್ರಿ.ಶ. 57ರಲ್ಲಿ ನೀರೋ ತನ್ನ ನಿವೃತ್ತ ಸೈನಿಕರನ್ನು ನುಕೇರಿಯಾದಲ್ಲಿ ನೆಲೆಗೊಳಿಸಿದ. ಸೈನಿಕರು ಬಂದರೆಂದರೆ ಅವರಿಗೆ ಜಮೀನು ಬೇಕು. ನೆರೆಯ ಪಾಂಪೇಯವರಿಗೆ ಇದರಿಂದ ಇರುಸುಮುರುಸಾಗಿರಬೇಕೆಂದು ಅನೇಕ ಇತಿಹಾಸಕಾರರು ಊಹಿಸುತ್ತಾರೆ. 130 ವರ್ಷಗಳ ಹಿಂದೆ ಪಾಂಪೇಯ ಮೂಲನಿವಾಸಿಗಳ ಎದುರು ನೆಲೆಗಾರರಿಗಾಗಿ ಎದ್ದ ಕಟ್ಟಡ, ಈಗ ಇನ್ನೊಂದು ಊರಿನ ಹೊಸ ನೆಲೆಗಾರರ ಎದುರು ಜಗಳದ ಕಣವಾಗುವುದರಲ್ಲಿತ್ತು.

ಕ್ರಿ.ಶ. 59ರ ಆಟವನ್ನು ಏರ್ಪಡಿಸಿದ್ದವನು ಲಿವಿನೀಯಸ್ ರೆಗುಲಸ್. ಸೆನೆಟ್‌ನಿಂದ ಹೊರದಬ್ಬಿಸಿಕೊಂಡಿದ್ದ ಆಸಾಮಿ. ಆ ದಿನ ನಡೆದದ್ದನ್ನು ಇತಿಹಾಸಕಾರ ಟ್ಯಾಸಿಟಸ್ ಕೆಲವೇ ಸಾಲುಗಳಲ್ಲಿ ಹೇಳುತ್ತಾನೆ. ಸಣ್ಣ ಊರಿನವರ ಉಡಾಫೆಯ ಮಾತಿನಿಂದ ಜಗಳ ಶುರುವಾಯಿತು. ಮಾತಿಗೆ ಮಾತು ಬೆಳೆದು ಕಲ್ಲು ಬಂತು, ಕಲ್ಲಿನ ನಂತರ ಆಯುಧ ಬಂತು. ತಮ್ಮೂರಿನಲ್ಲೇ ಆಟವಿದ್ದುದರಿಂದ ಪಾಂಪೇಯವರ ಕೈ ಮೇಲಾಯಿತು. ಗಾಯಗೊಂಡು ಊನರಾದ ನುಕೇರಿಯಾದ ಎಷ್ಟೋ ಮಂದಿಯನ್ನು ರೋಮ್‌ಗೆ ಹೊತ್ತೊಯ್ಯಲಾಯಿತು. ಮಕ್ಕಳನ್ನೋ ತಂದೆತಾಯಿಯರನ್ನೋ ಕಳೆದುಕೊಂಡು ಅತ್ತವರು ಬಹಳ. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಆಟ ನೋಡಲು ಬಂದಿದ್ದರೆಂಬುದು ಈ ಒಂದು ಮಾತಿನಿಂದಲೇ ತಿಳಿಯುತ್ತದೆ.

ನೀರೋ ವಿಚಾರಣೆಯನ್ನು ಸೆನೆಟ್‌ಗೆ ಒಪ್ಪಿಸಿದ. ಸೆನೆಟ್ ಕಾನ್ಸಲ್‌ಗಳಿಗೆ ದಾಟಿಸಿತು. ಅವರಿಂದ ಅದು ಮತ್ತೆ ಸೆನೆಟ್‌ಗೇ ಮರಳಿತು. ಕೊನೆಗೆ ಬಂದ ತೀರ್ಪಿನಲ್ಲಿ ಮೂರು ಅಂಶಗಳಿದ್ದವು. ಪಾಂಪೇಯವರು ಹತ್ತು ವರ್ಷ ಇಂಥ ಕೂಟ ನಡೆಸಕೂಡದು. ಕಾನೂನಿಗೆ ಹೊರತಾಗಿ ಕಟ್ಟಿಕೊಂಡಿದ್ದ ಸಂಘಗಳನ್ನು ವಿಸರ್ಜಿಸಬೇಕು. ಲಿವಿನೀಯಸ್ ಮತ್ತು ಗಲಭೆಗೆ ಕುಮ್ಮಕ್ಕು ಕೊಟ್ಟವರಿಗೆ ಗಡೀಪಾರು. ಸಂಘಗಳ ಪ್ರಸ್ತಾಪದಿಂದ ಗಲಭೆಯ ಹಿಂದೆ ಸಂಘಟಿತ ಗುಂಪುಗಳಿದ್ದವೆಂಬ ಸುಳಿವು ಸಿಗುತ್ತದೆ. ಹತ್ತು ವರ್ಷಗಳ ನಿಷೇಧ ಗ್ಲಾಡಿಯೇಟರ್ ಕಾಳಗಕ್ಕಷ್ಟೇ ಅನ್ವಯಿಸಿ, ಪ್ರಾಣಿಬೇಟೆ, ಅಂಗಸಾಧನೆಯ ಪಂದ್ಯಗಳು ಮುಂದುವರಿದಿರಬೇಕೆಂದು ಕೆಲವು ವಿದ್ವಾಂಸರ ಅಭಿಪ್ರಾಯ.

ಗೋಡೆಯ ಮೇಲಿನ ಗಲಭೆ

ಇತಿಹಾಸಕಾರನೊಬ್ಬನ ಮಾತಾಗಿಯೇ ಉಳಿಯಬಹುದಾಗಿದ್ದ ಈ ಘಟನೆಗೆ 1869ರಲ್ಲಿ ಅಪೂರ್ವ ಪುರಾವೆ ದೊರೆಯಿತು. ಪಾಂಪೇಯ ಒಂದು ಸಾಮಾನ್ಯ ಮನೆಯ ಗೋಡೆಯ ಮೇಲೆ ಇಡೀ ಗಲಭೆಯ ವರ್ಣಚಿತ್ರ ಪತ್ತೆಯಾಯಿತು. ಈಗ ಅದು ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಹಕ್ಕಿಯ ಕಣ್ಣಿಗೆ ಕಾಣುವಂತೆ ಆಂಫಿಥಿಯೇಟರ್ ಅನ್ನು ಮೇಲಿನಿಂದ ಚಿತ್ರಿಸಲಾಗಿದೆ. ಜೋಡಿ ಮೆಟ್ಟಿಲು, ಎಳೆದು ಕಟ್ಟಿದ ಮೇಲ್ಕಟ್ಟು, ಹಿಂದಿನ ಕೋಟೆ, ಪಕ್ಕದ ವ್ಯಾಯಾಮದ ಬಯಲು, ಮರಗಳ ಕೆಳಗಿನ ಅಂಗಡಿಗಳು ಎಲ್ಲವೂ ಗುರುತು ಸಿಗುತ್ತವೆ. ಕಣದಲ್ಲಿ, ಆಸನಗಳ ನಡುವೆ, ಹೊರಗಿನ ಬಯಲಿನಲ್ಲಿ ಪುಟ್ಟ ಪುಟ್ಟ ಮನುಷ್ಯರು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಬಡಿದಾಡುತ್ತಿದ್ದಾರೆ.

ರೋಮನ್ ಚಿತ್ರಕಲೆಯಲ್ಲಿ ದೇವತೆಗಳ, ಪುರಾಣವೀರರ ಚಿತ್ರಗಳು ಹೇರಳ. ಊರಿನಲ್ಲಿ ನಡೆದ ಒಂದು ನಿರ್ದಿಷ್ಟ ಗಲಭೆಯನ್ನು ಹೀಗೆ ಬರೆಸಿಕೊಂಡ ಉದಾಹರಣೆ ತೀರಾ ವಿರಳ. ಆ ಮನೆಯವರು ನಾಚಿಕೆಯಿಂದ ಅದನ್ನು ಬರೆಸಿರಲಾರರು. ತಮ್ಮೂರಿನವರು ಗೆದ್ದ ದಿನವೆಂಬ ಹೆಮ್ಮೆ ಅದರ ಹಿಂದೆ ಇದ್ದಿರಬೇಕೆಂದು ಅನೇಕರು ಭಾವಿಸುತ್ತಾರೆ. ಗೋಡೆಬರಹಗಳೂ ಇದನ್ನೇ ಹೇಳುತ್ತವೆ. ಒಂದು ಕಡೆ, ಆ ಗೆಲುವಿನಲ್ಲಿ ನುಕೇರಿಯಾದವರ ಜೊತೆ ನೀವೂ ನಾಶವಾದಿರಿ ಎಂದು ಕಂಪಾನಿ ಎಂಬ ಗುಂಪಿನವರನ್ನು ಅಣಕಿಸಲಾಗಿದೆ. ಪಕ್ಕದಲ್ಲೇ ಗೆಲುವಿನ ಗರಿ ಹಿಡಿದು ಮೆಟ್ಟಿಲಿಳಿಯುವ ಆಯುಧಧಾರಿಯ ಚಿತ್ರವಿದೆ. ಇನ್ನೊಂದು ಬರಹ ಎದುರು ಪಕ್ಷದವರದು. ನುಕೇರಿಯಾದವರಿಗೆಲ್ಲ ಒಳ್ಳೆಯದಾಗಲಿ, ಪಾಂಪೇಯವರಿಗೆ ಕೊಕ್ಕೆ ಬೀಳಲಿ ಎಂಬ ಶಾಪ ಅದರಲ್ಲಿದೆ. ಹೆಣಗಳನ್ನು ಎಳೆದೊಯ್ಯಲು ಬಳಸುವ ಕೊಕ್ಕೆಯನ್ನು ನೆನೆದರೆ ಆ ಶಾಪದ ಅರ್ಥವಾಗುತ್ತದೆ.

ನೆಲ ಕುಸಿದರೂ, ಮನ ಕುಸಿದರೂ

ರೋಮನ್ ಆಳ್ವಿಕೆಗೆ ಜನಜಂಗುಳಿಯ ಅನಾಹುತ ಹೊಸದೇನಲ್ಲ. ಪಾಂಪೇಯ ಗಲಭೆಗೆ 32 ವರ್ಷ ಮುಂಚೆ, ಕ್ರಿ.ಶ. 27ರಲ್ಲಿ, ರೋಮ್ ಸಮೀಪದ ಫಿಡೀನೆ ಎಂಬಲ್ಲಿ ಅಟಿಲಿಯಸ್ ಎಂಬವನು (ಮೇಲೆ ಹೇಳಿದ ಜಟ್ಟಿಗೂ ಇವನಿಗೂ ಸಂಬಂಧವಿಲ್ಲ) ಮರದ ಆಂಫಿಥಿಯೇಟರ್ ಕಟ್ಟಿದ. ಗಟ್ಟಿ ನೆಲದಲ್ಲಿ ಪಾಯ ಹಾಕಲಿಲ್ಲ, ಮರಗಳನ್ನು ಸರಿಯಾಗಿ ಬಿಗಿಯಲಿಲ್ಲ. ಆಗಿನ ಚಕ್ರವರ್ತಿ ಟೈಬೀರಿಯಸ್‌ಗೆ ಇಂಥ ಆಟಗಳಲ್ಲಿ ಆಸಕ್ತಿ ಇರಲಿಲ್ಲ. ಆಟಕ್ಕಾಗಿ ಹಸಿದಿದ್ದ ಜನ ರೋಮ್‌ನಿಂದ ಮುಗಿಬಿದ್ದು ಬಂದರು. ಕಿಕ್ಕಿರಿದ ಕಟ್ಟಡ ಕುಸಿಯಿತು. ಸತ್ತವರು ಮತ್ತು ಗಾಯಗೊಂಡವರು ಸೇರಿ 50 ಸಾವಿರ ಎನ್ನುತ್ತಾನೆ ಟ್ಯಾಸಿಟಸ್. ಸತ್ತವರೇ 20 ಸಾವಿರಕ್ಕೂ ಹೆಚ್ಚು ಎನ್ನುತ್ತಾನೆ ಸೂಟೋನಿಯಸ್. ಪ್ರಾಚೀನರ ಅಂಕಿಸಂಖ್ಯೆಯನ್ನು ಹಾಗೆಯೇ ನಂಬಬೇಕಿಲ್ಲವಾದರೂ ಅನಾಹುತ ದೊಡ್ಡದೇ.

ಆಗ ಸೆನೆಟ್ ಎರಡು ನಿಯಮ ಮಾಡಿತು. ನಾಲ್ಕು ಲಕ್ಷ ಸೆಸ್ಟರ್ಸ್‌ಗಿಂತ ಕಡಿಮೆ ಆಸ್ತಿಯಿದ್ದವನು ಗ್ಲಾಡಿಯೇಟರ್ ಆಟ ಏರ್ಪಡಿಸಕೂಡದು. ನೆಲದ ಗಟ್ಟಿತನ ಪರೀಕ್ಷಿಸದೆ ಆಂಫಿಥಿಯೇಟರ್ ಕಟ್ಟಕೂಡದು. ಅಟಿಲಿಯಸ್‌ಗೆ ಗಡೀಪಾರಾಯಿತು. ಈ ನಿಯಮಗಳು ಇಂದಿನ ಕಣ್ಣಿಗೂ ಸಮಂಜಸವಾಗಿ ಕಾಣುತ್ತವೆ. ಕಟ್ಟಡ ಕುಸಿದರೆ ಕಾರಣ ಹುಡುಕಬಹುದು, ಮುಂದೆ ಕುಸಿಯದಂತೆ ಕಟ್ಟಬಹುದು.

ಪಾಂಪೇಯಲ್ಲಿ ಕುಸಿದದ್ದು ಬೇರೆ. ಕಲ್ಲಿನ ಕಟ್ಟಡಕ್ಕೆ ಏನೂ ಆಗಿರಲಿಲ್ಲ. ನೆರೆಯವನನ್ನು ಮನುಷ್ಯನೆಂದು ಕಾಣುವ ಕಟ್ಟುಪಾಡು ಕುಸಿದಿತ್ತು. ಅಲ್ಲಿಯೂ ಸೆನೆಟ್ ಶಿಕ್ಷೆ ಕೊಟ್ಟದ್ದು ಆಟ ಆಡಿಸಿದವನಿಗೆ, ಗುಂಪು ಕಟ್ಟಿದವರಿಗೆ, ಊರಿಗೆ. ಸಾವನ್ನೇ ವಿನೋದವಾಗಿ ಉಣಬಡಿಸುವ ಆಟದ ಬಗ್ಗೆ ಅದು ಪ್ರಶ್ನೆ ಎತ್ತಲಿಲ್ಲ. ಎತ್ತುವಂತೆಯೂ ಇರಲಿಲ್ಲ. ಆ ಆಟಗಳನ್ನು ಆಡಿಸುತ್ತಿದ್ದವರು, ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಸೆನೆಟರ್‌ಗಳೇ.

ಪ್ರಶ್ನೆ ಎತ್ತಿದವರು ಇರಲೇ ಇಲ್ಲವೆಂದಲ್ಲ. ಪಾಂಪೇಯ ಗಲಭೆ ನಡೆದ ಕೆಲವೇ ವರ್ಷಗಳಲ್ಲಿ ತತ್ವಜ್ಞಾನಿ ಸೆನೆಕ ಗೆಳೆಯನಿಗೊಂದು ಪತ್ರ ಬರೆದ. ಊಟದ ಹೊತ್ತಿನ ಬಿಡುವಿನಲ್ಲಿ ಏನೋ ನಗೆಯಾಟವಿರಬಹುದೆಂದು ಹೋದವನು ಅಲ್ಲಿ ಕಂಡದ್ದು ರಕ್ಷಾಕವಚವಿಲ್ಲದ ಅಪರಾಧಿಗಳ ಶುದ್ಧ ಕೊಲೆ. ಜನರ ನಡುವೆ ಇದ್ದು ಬಂದದ್ದರಿಂದಲೇ ತಾನು ಹೆಚ್ಚು ಕ್ರೂರಿಯಾಗಿ ಮರಳಿದೆ ಎಂದು ಅವನು ಹೇಳಿಕೊಂಡಿದ್ದಾನೆ. ಮೂರು ಶತಮಾನದ ನಂತರ ಸಂತ ಅಗಸ್ಟೀನ್ ತನ್ನ ಆತ್ಮಕಥನದಲ್ಲಿ ಗೆಳೆಯ ಅಲಿಪಿಯಸ್‌ನ ಪ್ರಸಂಗ ಹೇಳುತ್ತಾನೆ. ಈ ಆಟವೆಂದರೆ ಹೇಸುತ್ತಿದ್ದ ಅಲಿಪಿಯಸ್‌ನನ್ನು ಸಂಗಡಿಗರು ರೋಮ್‌ನಲ್ಲಿ ಬಲವಂತದಿಂದ ಎಳೆದೊಯ್ದರು. ಅವನು ಕಣ್ಣು ಮುಚ್ಚಿ ಕುಳಿತ. ಕಿವಿ ಮುಚ್ಚಿಕೊಳ್ಳಲಿಲ್ಲ. ಜನರ ದೊಡ್ಡ ಕೂಗು ಎದ್ದಾಗ ಕುತೂಹಲದಿಂದ ಕಣ್ಣು ತೆರೆದ. ಆಮೇಲೆ ಮುಚ್ಚಲಾಗಲಿಲ್ಲ, ಮುಂದೆ ತಾನೇ ಇತರರನ್ನು ಕರೆದೊಯ್ಯುವವನಾದ.

ಗ್ಲಾಡಿಯೇಟರ್ ಕಾಳಗಗಳು ಕ್ರಿ.ಶ. ಐದನೆಯ ಶತಮಾನದ ಆರಂಭದಲ್ಲಿ ಅಳಿದುಹೋದವು. ಈ ಅಂತ್ಯದ ಕಥೆಯಲ್ಲೂ ಪ್ರೇಕ್ಷಕರಿದ್ದಾರೆ. ಕಾಳಗ ನಿಲ್ಲಿಸಲು ಕಣಕ್ಕಿಳಿದ ಟೆಲಿಮಾಕಸ್ ಎಂಬ ಸನ್ಯಾಸಿಯನ್ನು ಪ್ರೇಕ್ಷಕರೇ ಕಲ್ಲೆಸೆದು ಕೊಂದರೆಂದೂ, ಅದನ್ನು ತಿಳಿದ ಚಕ್ರವರ್ತಿ ಹೊನೋರಿಯಸ್ ಆಟವನ್ನು ನಿಲ್ಲಿಸಿದನೆಂದೂ ಚರ್ಚ್ ಇತಿಹಾಸಕಾರ ಥಿಯೊಡೊರೆಟ್ ಬರೆದಿದ್ದಾನೆ. ಬೆಳೆಯುತ್ತಿದ್ದ ಕ್ರೈಸ್ತ ಧರ್ಮ, ಬರಿದಾಗುತ್ತಿದ್ದ ಶ್ರೀಮಂತರ ಬೊಕ್ಕಸ ಎರಡೂ ಸೇರಿ ಆಟದ ಕಾಲ ಮುಗಿಸಿದವು.

ಇಂದಿನ ಪ್ರೇಕ್ಷಕರು

ಪಾಂಪೇಯ ಕಣಕ್ಕೆ ಕೊನೆ ಅದಕ್ಕೆ ಮೊದಲೇ ಬಂದಿತ್ತು. ಗಲಭೆಯಾದ ಮೂರ್ನಾಲ್ಕು ವರ್ಷಕ್ಕೆ ಭಾರೀ ಭೂಕಂಪವಾಗಿ ಊರು ಜರ್ಜರಿತವಾಯಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಳಿದದ್ದನ್ನೂ ಮುಚ್ಚಿತು. ಆ ದುರಂತದ ದಿನಾಂಕ ಆಗಸ್ಟ್ 24 ಎಂದು ಬಹುಕಾಲ ನಂಬಲಾಗಿತ್ತು. 2018ರಲ್ಲಿ ಸಿಕ್ಕ ಇದ್ದಿಲಿನ ಬರಹವೊಂದರಲ್ಲಿ ಅಕ್ಟೋಬರ್ ತಿಂಗಳ ದಿನಾಂಕ ಇರುವುದರಿಂದ ಸ್ಫೋಟವಾದದ್ದು ಆ ತಿಂಗಳಲ್ಲಿ ಎಂಬ ವಾದಕ್ಕೆ ಬಲ ಬಂದಿದೆ.

1748ರಲ್ಲಿ ಪಾಂಪೇಯ ಉತ್ಖನನ ಆರಂಭವಾದಾಗ ಮೊದಲು ಕೈಗೆ ತಾಗಿದ ಕಟ್ಟಡಗಳಲ್ಲಿ ಆಂಫಿಥಿಯೇಟರ್ ಒಂದು. ಆಗ ಅದನ್ನು ಮತ್ತೆ ಮುಚ್ಚಲಾಯಿತು. ಪೂರ್ತಿ ಅಗೆದು ತೆಗೆದದ್ದು 1813ರಿಂದ 1816ರ ನಡುವೆ. ಕಣದ ಸುತ್ತಲಿನ ಗಿಡ್ಡ ಗೋಡೆಯ ಮೇಲೆ ಗ್ಲಾಡಿಯೇಟರ್‌ಗಳ, ಪ್ರಾಣಿಗಳ ಬಣ್ಣದ ಚಿತ್ರಗಳಿದ್ದವು. ಗಾಳಿ, ಚಳಿಗೆ ತೆರೆದುಕೊಂಡ ಸ್ವಲ್ಪ ಕಾಲದಲ್ಲೇ ಅವು ಉದುರಿಹೋದವು. ಆಗ ಮಾಡಿಕೊಂಡ ನಕಲು ಚಿತ್ರಗಳು ಇರದಿದ್ದರೆ ಅವುಗಳ ಸುಳಿವೂ ಸಿಗುತ್ತಿರಲಿಲ್ಲ. 17 ಶತಮಾನ ಬೂದಿ ಕಾಪಾಡಿದ್ದನ್ನು ಬಯಲು ಕೆಲವೇ ದಿನಗಳಲ್ಲಿ ಅಳಿಸಿತು.

1971ರಲ್ಲಿ ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ಸಂಗೀತ ತಂಡ ಇದೇ ಕಣದಲ್ಲಿ ನುಡಿಸಿ ಚಿತ್ರೀಕರಿಸಿಕೊಂಡಿತು. ಪ್ರೇಕ್ಷಕರೇ ಇಲ್ಲದ ಕಛೇರಿ ಎಂಬುದು ಅದರ ವಿಶೇಷ. ಆ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ 2016ರಲ್ಲಿ ಮತ್ತೆ ಬಂದು, ಈ ಸಲ ಜನರೆದುರು ನುಡಿಸಿದರು. 1997ರಲ್ಲಿ ಪಾಂಪೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2024ರಲ್ಲಿ ಅಲ್ಲಿಗೆ ಭೇಟಿ ಕೊಟ್ಟವರು 40 ಲಕ್ಷಕ್ಕೂ ಹೆಚ್ಚು. ಜನದಟ್ಟಣೆಯಿಂದ ಅವಶೇಷಗಳಿಗೆ ಧಕ್ಕೆಯಾಗುವುದನ್ನು ಕಂಡು ಅದೇ ವರ್ಷದ ನವೆಂಬರ್‌ನಲ್ಲಿ ಅಧಿಕಾರಿಗಳು ಮಿತಿ ಹೇರಿದರು. ದಿನಕ್ಕೆ ಗರಿಷ್ಠ 20 ಸಾವಿರ ಮಂದಿಗೆ ಪ್ರವೇಶ ಎಂಬುದು ಆ ನಿಯಮ. ಇಡೀ ನಗರಕ್ಕೆ ಇಂದು ನಿಗದಿಯಾದ ಈ ಸಂಖ್ಯೆ, ಅಂದು ಆಂಫಿಥಿಯೇಟರ್ ಒಂದರಲ್ಲೇ ಕೂರಬಹುದಾಗಿದ್ದ ಜನರ ಸಂಖ್ಯೆ.

ಬಹುತೇಕ ಪ್ರವಾಸಿಗಳು ಪಶ್ಚಿಮದ ಮರೀನಾ ದ್ವಾರದಿಂದ ಒಳಹೊಕ್ಕು, ಉದ್ದದ ಬೀದಿಗಳನ್ನು ಸುತ್ತಿ, ಆಂಫಿಥಿಯೇಟರ್ ತಲುಪುವಾಗ ದಣಿದಿರುತ್ತಾರೆ. ಮೇಲಿನ ಸಾಲುಗಳಲ್ಲಿ ಕಲ್ಲು ಹೋಗಿ ಹುಲ್ಲು ಬೆಳೆದಿದೆ. ಒಳಗೆ ಹೋಗುವ ದಾರಿ ಕತ್ತಲ ಇಳಿಜಾರು ಓಣಿ, ಜಟ್ಟಿಗಳು ನಡೆದು ಬಂದದ್ದೂ ಅದರಲ್ಲೇ. ಓಣಿ ದಾಟಿದೊಡನೆ ಬೆಳಕಿನ ಕಣ. ಅಲ್ಲಿಂದ ಎತ್ತ ತಿರುಗಿದರೂ ಕಾಣುವುದು ತನ್ನ ಕಡೆಗೇ ಮುಖ ಮಾಡಿರುವ ಆಸನಗಳ ಸಾಲು. ಅಂದಿನ ಪಾಂಪೇಯ ಪ್ರೇಕ್ಷಕರಿಗೆ ಈ ನೋಟ ಸಿಕ್ಕಿರಲಿಲ್ಲ. ಅವರು ಕೆಳಗೆ ಇಳಿದದ್ದು ಒಂದೇ ದಿನ, ಕೈಯಲ್ಲಿ ಕತ್ತಿ ಹಿಡಿದು.